ಸತ್ತವರ ಕಣ್ಣು ತೆರೆಸುವ ಕೆಲಸ

ರೋಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಅದರ ಮೇಲಿನ ಕೋಣೆ ನನ್ನದು. ಗಿರಣಿ ಓಡುವಾಗ ನೆಲ ನಡುಗುತ್ತದೆ, ಪೆನ್ಸಿಲ್ ಹಿಡಿದ ಕೈಯೂ ನಡುಗುತ್ತದೆ. ಹೀಗಾಗಿ ಕರೆಂಟು ಹೋದಾಗಲೇ ನನ್ನ ಕೆಲಸ ಸರಾಗ. ಊರೆಲ್ಲ ಕರೆಂಟಿಗೆ ಶಾಪ ಹಾಕುವ ಹೊತ್ತಿನಲ್ಲಿ ನಾನೊಬ್ಬ ಕಿಟಕಿ ತೆರೆದು ಖುಷಿಯಿಂದ ಕೂರುತ್ತೇನೆ. ಅಲ್ಲಿ ನಾನು ಮಾಡುವುದು ಒಂದೇ ಕೆಲಸ. ಹಳೆಯ ಫೋಟೋ ನೋಡಿಕೊಂಡು, ಬರೀ ಪೆನ್ಸಿಲ್ಲಿನಲ್ಲಿ, ಬಾಗಿಲಿನಷ್ಟು ದೊಡ್ಡ ಕಾಗದದ ಮೇಲೆ ಸತ್ತವರ ಮುಖ ಬರೆಯುವುದು.

ಬರೆಯುವುದು ಅಂದರೆ ಅಂದಾಜಿಗೆ ಹೋಲುವಂತೆ ಬರೆಯುವುದಲ್ಲ. ಫೋಟೋದ ಮೇಲೆ ಗಾಜಿಟ್ಟು, ಗಾಜಿನ ಮೇಲೆ ಚೌಕ ಎಳೆದು, ಭೂತಗನ್ನಡಿ ಹಿಡಿದು, ಒಂದು ಚೌಕದಲ್ಲಿ ಏನಿದೆಯೋ ಅಷ್ಟನ್ನೇ ಕಾಗದದ ಮೇಲೆ ದೊಡ್ಡದು ಮಾಡುತ್ತೇನೆ. ಗಲ್ಲದ ಸಿಡುಬಿನ ಕಲೆ, ಮೂಗುತಿಯ ಕೆಳಗೆ ನಿಂತ ಬೆವರು, ಅಂಗಿಯ ಕಾಲರು ಸವೆದ ಕಡೆ ಎದ್ದ ದಾರ, ಯಾವುದನ್ನೂ ಬಿಡುವುದಿಲ್ಲ. ಒಂದು ಹುಬ್ಬಿಗೆ ಇಡೀ ದಿನ ಹೋಗುತ್ತದೆ. ಬರೆದ ಜಾಗಕ್ಕೆ ಅಂಗೈ ತಾಗಬಾರದೆಂದು ಬೆಣ್ಣೆಕಾಗದ ಮುಚ್ಚಿಕೊಂಡು ಮುಂದೆ ಸರಿಯುತ್ತೇನೆ. ಗಿರಣಿಯ ಹಿಟ್ಟಿನ ಧೂಳು ಕೂತರೆ ಊದುತ್ತೇನೆ, ಒರೆಸುವುದಿಲ್ಲ. ತಿಂಗಳುಗಟ್ಟಲೆ ಹೀಗೆ ಕೂತು ಮುಗಿಸಿದ ಮೇಲೆ ಮನೆಯವರು ಬಂದು, “ಫೋಟೋ ಭಾಳ ಚಲೋ ದೊಡ್ಡದ ಮಾಡೀರಿ” ಅನ್ನುತ್ತಾರೆ. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಈಗ “ಹೌದ್ರಿ” ಅಂದು ಸುಮ್ಮನಾಗುತ್ತೇನೆ.

ಮೊದಲು ನಾನು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಕುಂಚ ಒಣಗಿದವು. ಆಗ ಗಜೇಂದ್ರಗಡದ ಒಬ್ಬ ಬಟ್ಟೆ ವ್ಯಾಪಾರಿ ತನ್ನ ಅಜ್ಜನ ಫೋಟೋ ಕೊಟ್ಟು, ಅಂಗಡಿಯ ಗೋಡೆ ತುಂಬ ಅವನೇ ಕಾಣಬೇಕು, ಬಣ್ಣ ಮಾತ್ರ ಬೇಡ, ಹಳೆಯ ಕಾಲದ ಹಾಗೆಯೇ ಇರಲಿ ಅಂದ. ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟೆ. ಅದನ್ನು ನೋಡಿದವರು ತಮ್ಮ ತಮ್ಮ ಅಜ್ಜಂದಿರನ್ನು ಹುಡುಕಿಕೊಂಡು ಬಂದರು. ಆವತ್ತಿನಿಂದ ಬದುಕಿದ್ದವರ ಜೊತೆ ನನ್ನ ವ್ಯವಹಾರ ಕಡಿಮೆಯಾಯಿತು.

ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆ ತುಂಬ ವಿಭೂತಿ, ಕೊರಳಿಗೆ ಹೂವಿನ ಸರ, ಮೈಗೆ ಹೊಸ ಬಟ್ಟೆ. ಆಗ ಫೋಟೋದವನನ್ನು ಕರೆಸುತ್ತಾರೆ. ಬದುಕಿರುವಷ್ಟು ಕಾಲ ಕ್ಯಾಮೆರಾದ ಮುಂದೆ ನಿಲ್ಲದವರು ಸತ್ತ ದಿನ ಮಕ್ಕಳು ಮರಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಅಲುಗದೆ ಕೂರುತ್ತಾರೆ. ಹಿಂದಿನ ಎಷ್ಟೋ ಹಿರಿಯರ ಮುಖ ಉಳಿದಿರುವುದು ಆ ಒಂದು ಫೋಟೋದಲ್ಲಿ ಮಾತ್ರ. ಅದನ್ನು ತಂದು ನನ್ನ ಮುಂದಿಟ್ಟು ಎಲ್ಲರೂ ಕೇಳುವುದು ಒಂದೇ ಮಾತು: “ಕಣ್ಣ ತಗದಂಗ ಮಾಡಿಕೊಡ್ರಿ.”

ಕಾಣದ್ದನ್ನು ಬರೆಯುವುದು ನನ್ನ ವಿದ್ಯೆಯಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಮನೆಯಲ್ಲಿ ಯಾರ ಕಣ್ಣು ಅವರ ಹಾಗಿವೆ ಎಂದು ಕೇಳುತ್ತೇನೆ. ಒಂದಷ್ಟು ಚರ್ಚೆಯಾಗಿ ಮಗನೋ ಮಗಳೋ ಬಂದು ನನ್ನ ಕಿಟಕಿಯ ಪಕ್ಕ ಕೂರುತ್ತಾರೆ. ಅವರ ಕಣ್ಣು ನೋಡಿ ಬರೆದು, ಸುತ್ತ ನಾಲ್ಕು ಸುಕ್ಕು ಕೂಡಿಸಿದರೆ ಆಯಿತು. ಅಪ್ಪನ ಮುಖದಲ್ಲಿ ಮಗನ ಕಣ್ಣು ತೆರೆದುಕೊಳ್ಳುತ್ತದೆ. ಮನೆಯವರು “ಥೇಟ್ ನಮ್ಮಪ್ಪ ನೋಡ್ರಿ” ಅಂದು ಕಣ್ಣೀರು ಹಾಕುತ್ತಾರೆ. ನರಗುಂದದ ಒಬ್ಬ ಹತ್ತಿ ವ್ಯಾಪಾರಿಯ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಇದರ ಸಲುವಾಗಿಯೇ ಜಗಳ ಹತ್ತಿತು. ಅಪ್ಪನ ಕಣ್ಣು ತನ್ನವು ಎಂದು ಇಬ್ಬರೂ ಪಟ್ಟು ಹಿಡಿದರು. ಕಡೆಗೆ ಅವರ ಸೋದರತ್ತೆ, “ದೊಡ್ಡವಂದೊಂದು, ಸಣ್ಣವಂದೊಂದು ಹಾಕ್ರಿ, ತಕರಾರ ಬ್ಯಾಡ” ಅಂದಳು. ಹಾಗೆಯೇ ಮಾಡಿದೆ. ಆ ಹಿರಿಯ ಇವತ್ತಿಗೂ ಅಂಗಡಿಯ ಗಾದಿಯ ಮೇಲಿನ ಗೋಡೆಯಿಂದ ಎರಡು ತರದ ಕಣ್ಣಿನಲ್ಲಿ ಗಿರಾಕಿಗಳನ್ನು ನೋಡುತ್ತಿದ್ದಾನೆ. ಒಬ್ಬರೂ ಗುರುತಿಸಿಲ್ಲ.

ಇಷ್ಟು ವರ್ಷಗಳಲ್ಲಿ ತಕರಾರು ತೆಗೆದದ್ದು ಒಬ್ಬಳೇ, ಲಕ್ಕಲಕಟ್ಟಿಯ ಒಬ್ಬ ಮುದುಕಿ. ಅವಳ ಗಂಡನ ಚಿತ್ರ ಒಯ್ದು ಗೋಡೆಗೆ ನಿಲ್ಲಿಸಿದ್ದೆ. ಮನೆಮಂದಿಯೆಲ್ಲ ಹೊಗಳಿ ಮುಗಿದ ಮೇಲೆ ಅವಳು ನಿಧಾನ ಬಂದು ನೋಡಿದಳು.

“ಇವು ನನ್ನ ಮಗನ ಕಣ್ಣು” ಅಂದಳು. “ನನ್ನ ಗಂಡಂದು ಇಷ್ಟು ಸಾದಾ ಕಣ್ಣ ಅಲ್ಲ. ಅಂವಾ ಹೊಳ್ಳಿ ನೋಡಿದ್ರ ಎಮ್ಮಿ ಹಾಲ ಬಿಡ್ತಿದ್ದಿಲ್ಲ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಅಲ್ಲೇ ರಬ್ಬರು ತೆಗೆದೆ. ಬಲಗಣ್ಣಿನ ರೆಪ್ಪೆ ತುಸು ಇಳಿದಿರಬೇಕು, ಪಾಪೆ ಮೇಲಕ್ಕೆ ಏರಿರಬೇಕು, ಬಿಳಿಭಾಗ ಕೆಳಗೆ ಹೆಚ್ಚು ಕಾಣಬೇಕು. ಅವಳು ಹೇಳುತ್ತ ಹೋದಳು, ನಾನು ಅಳಿಸುತ್ತ ಬರೆಯುತ್ತ ಹೋದೆ. ಮೂರನೆಯ ಸಲಕ್ಕೆ ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಚಿತ್ರದ ಮುಂದಿನಿಂದ ಒಂದು ಪಕ್ಕಕ್ಕೆ ಸರಿದು ನಿಂತಳು. ಅವತ್ತು ನನಗೊಂದು ತಿಳಿವಳಿಕೆ ಬಂತು. ನೋಡಿದ ಕೂಡಲೇ ಹೌದು ಅನ್ನುವವರು ಮರೆತವರು. ಅಲ್ಲ ಅನ್ನುವವರಿಗೆ ನೆನಪಿದೆ. ಈ ತಿಳಿವಳಿಕೆಯನ್ನು ಹಿಡಿದುಕೊಂಡೇ ನಾನು ಮುಂದೆ ಕೆಟ್ಟೆ.

ನಮ್ಮವ್ವನದೂ ಅಂಥದ್ದೇ ಒಂದು ಫೋಟೋ.

ಅವ್ವ ಪುರ್ತಗೇರಿಯಲ್ಲಿ ಗೌಡರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಜ್ವರ ಬಂದು ತೀರಿಕೊಂಡಾಗ ನಾನು ಅಂಬೆಗಾಲಿಡುವ ಕೂಸು. ನಮ್ಮಂಥವರ ಮನೆಗೆ ಆಗ ಫೋಟೋದವನು ಬರುವ ಮಾತೇ ಇರಲಿಲ್ಲ. ಅವತ್ತು ಗೌಡರ ಮನೆಯಲ್ಲಿ ತೊಟ್ಟಿಲ ಕಾರ್ಯಕ್ಕೆಂದು ಗಜೇಂದ್ರಗಡದಿಂದ ಒಬ್ಬ ಬಂದಿದ್ದನಂತೆ. ಆ ಮಕ್ಕಳಿಗೆ ತಾಯಿಯ ಮುಖವಾದರೂ ಇರಲಿ ಎಂದು ಗೌಡಸಾನಿ ಅವನನ್ನು ನಮ್ಮ ಮನೆಗೆ ಕಳಿಸಿದಳು. ಅವಳು ಪುಣ್ಯದ ಕೆಲಸವನ್ನೇ ಮಾಡಿದಳು, ಅದಕ್ಕೆ ನಾನೇನೂ ಅನ್ನುವುದಿಲ್ಲ.

ಫೋಟೋದಲ್ಲಿ ಅವ್ವ ಗೋಡೆಗೆ ಒರಗಿ ಕೂತಿದ್ದಾಳೆ. ಮುತ್ತೈದೆಯಾಗಿ ಹೋದವಳೆಂದು ಹಣೆಗೆ ರೂಪಾಯಿಯಗಲ ಕುಂಕುಮ, ಕೈ ತುಂಬ ಹಸಿರು ಬಳೆ. ಬಣ್ಣ ಕಾಣುವುದಿಲ್ಲ, ಹಸಿರು ಅಂತ ನನಗೆ ಗೊತ್ತು. ಪಕ್ಕದಲ್ಲಿ ಅಕ್ಕ, ಎಂಟು ವರ್ಷದವಳು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ನೆಟ್ಟಗೆ ನಿಂತಿದ್ದಾಳೆ. ಅವ್ವನ ಮಡಿಲಲ್ಲಿ ನಾನು. ಚೌಕಟ್ಟಿನ ಆಚೆಯಿಂದ ಯಾರದೋ ಕೈ ಬಂದು ನನ್ನನ್ನು ಹಿಡಿದುಕೊಂಡಿದೆ. ಆ ಮನೆಯೊಳಗೆ ಬೆಳಕು ಕಡಿಮೆ ಇದ್ದಿರಬೇಕು, ಫೋಟೋ ತೆಗೆಯಲು ಹೊತ್ತು ಹಿಡಿದಿರಬೇಕು. ನಾನು ಮಿಸುಕಾಡಿದ್ದೇನೆ, ಮುಖ ಕಲಸಿಹೋಗಿದೆ. ಅಕ್ಕನೂ ತುಸು ಅಲುಗಿದ್ದಾಳೆ. ಕೂದಲೆಳೆಯೂ ಸ್ಪಷ್ಟ ಬಂದಿರುವುದು ಅವ್ವನದು ಒಂದೇ, ಅವಳಿಗೆ ಅಲುಗುವ ಕಾರಣವಿರಲಿಲ್ಲ.

ಅಪ್ಪ ದುಡಿಯಲು ಗೋವಾಕ್ಕೆ ಹೋದವನು ಅಲ್ಲೇ ಉಳಿದ, ಅಲ್ಲೇ ತೀರಿದ. ಅಕ್ಕನನ್ನು ಸಣ್ಣ ವಯಸ್ಸಿಗೇ ಜಕ್ಕಲಿಗೆ ಕೊಟ್ಟರು. ಅವಳು ನನ್ನನ್ನು ಬಗಲಲ್ಲಿ ಎತ್ತಿಕೊಂಡೇ ಗಂಡನ ಮನೆಗೆ ಹೋದಳು. ನನಗೆ ತಾಯಿ ಅಂದರೆ ಅವಳೇ. ಆದರೂ ಸಾಲೆಯಲ್ಲಿ ಉಳಿದ ಹುಡುಗರ ತಾಯಂದಿರನ್ನು ನೋಡಿ ಬಂದ ದಿನ ನಾನು ಹಟ ಹಿಡಿದು ಕೇಳುತ್ತಿದ್ದೆ, ಅವ್ವನ ಕಣ್ಣು ಹೆಂಗಿದ್ವು ಅಂತ. ಅಕ್ಕ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು, “ದೊಡ್ಡ ದೊಡ್ಡು ಇದ್ವು. ನಿನ್ನ ನೋಡಿದ್ರ ಸಾಕು, ಕಣ್ಣಾಗಽ ನಗತಿದ್ಲು.” ಪ್ರತಿ ಸಲವೂ ಅದಕ್ಕೆ ಏನಾದರೂ ಹೊಸದು ಸೇರುತ್ತಿತ್ತು. ಬಿಸಿಲಿಗೆ ಹೀಗೆ ಕಿರಿದು ಮಾಡುತ್ತಿದ್ದಳು, ಸಿಟ್ಟು ಬಂದರೆ ಹೀಗೆ ಅಗಲ ಮಾಡುತ್ತಿದ್ದಳು ಎಂದು ತಾನೇ ಮಾಡಿ ತೋರಿಸುತ್ತಿದ್ದಳು. ನಾನು ಆ ಮಾತಿನ ಮೇಲೆ ಬೆಳೆದೆ. ಒಬ್ಬಳು ಹೆಂಗಸು ಒಂದು ಕಾಲಕ್ಕೆ ನನ್ನನ್ನು ನೋಡಿ ನಕ್ಕಿದ್ದಳು ಅನ್ನುವುದು ನನಗೆ ದೊಡ್ಡ ಆಸ್ತಿಯಾಗಿತ್ತು.

ಊರವರ ತಂದೆತಾಯಿಗಳ ಕಣ್ಣು ತೆರೆಸುತ್ತ ತಿರುಗಿದವನು ಅವ್ವನ ಚಿತ್ರಕ್ಕೆ ಮಾತ್ರ ಕೈ ಹಾಕಿರಲಿಲ್ಲ. ನಾಳೆ ಮಾಡಿದರಾಯಿತು ಅನ್ನುತ್ತಿದ್ದೆ. ಅಷ್ಟರಲ್ಲಿ ಅಕ್ಕನಿಗೆ ಸಕ್ಕರೆ ಕಾಯಿಲೆ ಬಲಿತು ಒಂದು ಕಣ್ಣು ಹೋಯಿತು. ಗದಗಿನ ದವಾಖಾನೆಯ ವೈದ್ಯರು ಇನ್ನೊಂದೂ ಉಳಿಯುವುದು ಕಷ್ಟ, ನಿಧಾನಕ್ಕೆ ಕತ್ತಲಾಗುತ್ತದೆ ಅಂದರು. ಬಸ್ಸಿನಲ್ಲಿ ಮರಳಿ ಬರುವಾಗ ಅಕ್ಕ ತುಂಬ ಹೊತ್ತು ಕಿಟಕಿಯ ಆಚೆಯ ಗೋಧಿ ಹೊಲ ನೋಡುತ್ತಿದ್ದಳು.

“ತಮ್ಮಾ, ಮಂದೀದೆಲ್ಲ ಮಾಡೀದಿ” ಅಂದಳು. “ನನ್ನ ಕಣ್ಣ ಹೋಗೂದ್ರಾಗ ಅವ್ವಂದ ಒಂದು ಮಾಡಿಕೊಡು. ಕಣ್ಣ ತಗದು ಕುಂತಾಕೀನ ಒಮ್ಮಿ ನೋಡ್ತೀನಿ.”

ಅವ್ವನ ಕಣ್ಣು ತೆರೆದದ್ದನ್ನು ಕಂಡವರು ಈ ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಳು. ಅವಳ ಕಣ್ಣು ಹೋದರೆ ಸರಿಯೋ ತಪ್ಪೋ ಹೇಳುವವರು ಯಾರೂ ಇರುವುದಿಲ್ಲ. ಕೈಯಲ್ಲಿದ್ದ ಕೆಲಸವನ್ನೆಲ್ಲ ಬದಿಗಿಟ್ಟು ಕಾಗದ, ಹಲಗೆ, ಪೆನ್ಸಿಲ್ಲುಗಳನ್ನು ಜಕ್ಕಲಿಗೆ ಸಾಗಿಸಿದೆ. ಅಕ್ಕನ ಮನೆಯ ಪಡಸಾಲೆಯಲ್ಲಿ ಬೆಳಕು ಬೀಳುವ ಕಡೆ ಹಲಗೆ ನಿಲ್ಲಿಸಿ, ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ರೋಣಕ್ಕೆ ಹೋಗುವುದು ಶುರುವಾಯಿತು.

ಅಕ್ಕನನ್ನೂ ನನ್ನನ್ನೂ ಬಿಟ್ಟು ಅವ್ವನ ಮುಖ, ಹೆಗಲು ಅಷ್ಟೇ ಬರೆದೆ. ಭೂತಗನ್ನಡಿಯಲ್ಲಿ ಅವಳ ಮುಖದ ಒಂದೊಂದು ಚೌಕವನ್ನೂ ನೋಡಿದೆ. ಕೆಳತುಟಿಯಲ್ಲಿ ಜ್ವರಕ್ಕೆ ಸೀಳಿದ ಗೆರೆ ಇತ್ತು. ಕಿವಿಯ ತೂತು ಓಲೆಯ ಭಾರಕ್ಕೆ ಇಳಿದಿತ್ತು, ಓಲೆ ಇರಲಿಲ್ಲ. ಹೂವಿನ ಸರದ ಮರೆಯಲ್ಲಿ ಗದ್ದಕ್ಕೆ ಕಟ್ಟಿದ ಬಟ್ಟೆಯ ಅಂಚು ಕಂಡಿತು. ಬಾಯಿ ತೆರೆದುಕೊಳ್ಳಬಾರದೆಂದು ಕಟ್ಟುತ್ತಾರೆ. ಮಂದಿಯ ಚಿತ್ರದಲ್ಲಿ ಅದನ್ನು ಹೂವಿನಲ್ಲಿ ಮುಚ್ಚಿಬಿಡುತ್ತೇನೆ. ಇಲ್ಲಿಯೂ ಮುಚ್ಚಿದೆ, ಆದರೆ ಮುಚ್ಚುವಾಗ ಕೈ ನಿಂತು ನಿಂತು ಮುಂದೆ ಹೋಯಿತು. ಅವಳು ಆಗ ನನ್ನ ಈಗಿನ ಅರ್ಧ ವಯಸ್ಸಿನವಳು. ಅಷ್ಟು ಎಳೆಯ ಹುಡುಗಿಯನ್ನು ಅವ್ವ ಅಂದುಕೊಂಡು ಬರೆಯುವುದು ಬಹಳ ಕಷ್ಟವಾಯಿತು.

ಕಣ್ಣಿನ ಜಾಗ ಮಾತ್ರ ಖಾಲಿ ಬಿಟ್ಟೆ. ಉಳಿದದ್ದೆಲ್ಲ ಮುಗಿದ ಮೇಲೆ ಕನ್ನಡಿ ಹಿಡಿದು ನನ್ನ ಕಣ್ಣನ್ನೇ ನೋಡಿ ಬರೆದೆ. ಮಗ ತಾಯಿಯನ್ನು ಹೋಲಬೇಕಲ್ಲ ಅನ್ನುವ ಲೆಕ್ಕ. ಅಕ್ಕನನ್ನು ಕರೆದೆ. ಅವಳು ಉಳಿದ ಒಂದು ಕಣ್ಣನ್ನು ಕಾಗದಕ್ಕೆ ತಾಗುವಷ್ಟು ಹತ್ತಿರ ತಂದು ನೋಡಿದಳು.

“ಅಲ್ಲ” ಅಂದಳು.

ಬೇಸರವಾಗಬೇಕಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಲಕ್ಕಲಕಟ್ಟಿಯ ಮುದುಕಿಯೂ ಹೀಗೆಯೇ ಅಂದದ್ದಲ್ಲವೇ. ಅಕ್ಕನಿಗೆ ನೆನಪಿದೆ, ನಾನು ಅಳಿಸುತ್ತ ಹೋದರೆ ಸಾಕು, ಒಂದು ದಿನ ಅವ್ವ ಸಿಕ್ಕೇ ಸಿಗುತ್ತಾಳೆ ಅಂದುಕೊಂಡೆ.

ಎರಡನೆಯ ಸಲ ಅಕ್ಕನನ್ನೇ ಬೆಳಕಿಗೆ ಕೂರಿಸಿ, ಅವಳ ಹಳೆಯ ಕಣ್ಣು ಹೇಗಿದ್ದವೆಂದು ನೆನೆಸಿಕೊಂಡು ಬರೆದೆ. ಅವಳು ನೋಡಿ, “ಇವು ನನ್ನ ಕಣ್ಣ. ಕನ್ನಡ್ಯಾಗ ಎಷ್ಟ ನೋಡೀನಿ. ಅವ್ವನ್ವು ಅಲ್ಲ” ಅಂದಳು. ಪುರ್ತಗೇರಿಯಲ್ಲಿ ಸೋದರಮಾವನ ಮಗಳು ಅವ್ವನ ಪಡಿಯಚ್ಚು ಎಂದು, ಈಗ ಇಲ್ಲದ ಹಿರಿಯರೊಬ್ಬರು ಹಿಂದೆ ಹೇಳಿದ್ದು ನೆನಪಾಗಿ ಅಲ್ಲಿಗೂ ಹೋದೆ. ಅವಳು ಹತ್ತಿ ಬಿಡಿಸಲು ಹೋಗಿದ್ದಳು. ಹೊಲದ ಬದುವಿನಲ್ಲಿ ಕೂರಿಸಿ ಒಂದು ಹಾಳೆಯ ಮೇಲೆ ಅವಳ ಕಣ್ಣು ಬರೆದುಕೊಂಡು ತಂದೆ. ಉಳಿದ ಹೆಣ್ಣಾಳುಗಳು ಮದುವೆಗೆ ಹೆಣ್ಣು ನೋಡಲು ಬಂದಿದ್ದೇನೆಂದು ಚೇಷ್ಟೆ ಮಾಡಿದರು. ಆ ಕಣ್ಣನ್ನೂ ಅಕ್ಕ ನೋಡಿದಳು.

“ಅಲ್ಲೋ.”

“ಹತ್ರರ ಅದಾವೇನ?”

“ಇಲ್ಲ.”

ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಾನೆ. ಹಬ್ಬಕ್ಕೆ ಊರಿಗೆ ಬಂದವನು ನನ್ನ ಒದ್ದಾಟ ನೋಡಿ, ಮೊಬೈಲಿನಲ್ಲಿ ಅವ್ವನ ಫೋಟೋ ತೆಗೆದುಕೊಂಡು ಏನೋ ಒತ್ತಿದ. “ಮಾಮಾ, ಇಷ್ಟ್ಯಾಕ ತ್ರಾಸ ಮಾಡ್ಕೋತಿ, ಇಲ್ಲಿ ನೋಡು” ಅಂದ. ಮೊಬೈಲಿನೊಳಗೆ ಅವ್ವ ಕಣ್ಣು ತೆರೆದಳು. ರೆಪ್ಪೆ ಬಡಿದಳು. ಕತ್ತು ಒಂದು ಕಡೆ ವಾಲಿಸಿ ಹಲ್ಲು ಬಿಟ್ಟು ನಕ್ಕಳು. ಇಷ್ಟು ತಿಂಗಳು ನಾನು ಬೆನ್ನು ಬಗ್ಗಿಸಿ ಹುಡುಕಿದ್ದನ್ನು ಆ ಡಬ್ಬಿ ಎರಡು ಕ್ಷಣದಲ್ಲಿ ಮಾಡಿ ತೋರಿಸಿತ್ತು. ಅಕ್ಕ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

“ಯಾರ ಮನೀಯಾಕಿ ಇಕಿ?” ಅಂದಳು. “ಬಂದ್ ಮಾಡ ಅದನ್ನ.”

ಅವತ್ತು ನಾನು ಗೆದ್ದವನ ಹಾಗೆ ರೋಣಕ್ಕೆ ಹೋದೆ. ಯಂತ್ರಕ್ಕೂ ಮೋಸ ಹೋಗದಷ್ಟು ಗಟ್ಟಿ ನೆನಪು ಅಕ್ಕನದು ಎಂದು ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದೆ.

ಕಾಗದಕ್ಕೆ ಒಂದು ತಾಳಿಕೆ ಇರುತ್ತದೆ. ಅದರ ಮೈಮೇಲಿನ ಸಣ್ಣ ಒರಟಿಗೆ ಪೆನ್ಸಿಲ್ಲಿನ ಪುಡಿ ಹಿಡಿದುಕೊಳ್ಳುತ್ತದೆ. ಅಳಿಸಿ ಅಳಿಸಿ ಆ ಒರಟು ಸವೆದರೆ ಎಷ್ಟು ತಿಕ್ಕಿದರೂ ಕಪ್ಪು ಹತ್ತುವುದಿಲ್ಲ, ಜಾಗವೆಲ್ಲ ಗಾಜಿನಂತೆ ನುಣುಪಾಗುತ್ತದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಅವ್ವನ ಎರಡು ಕಣ್ಣಿನ ಜಾಗವೂ ಹಾಗಾಗಿತ್ತು. ಅಕ್ಕನ ಕಣ್ಣೂ ಅಷ್ಟರಲ್ಲಿ ಬಹಳ ಇಳಿದಿತ್ತು. ಬಾಗಿಲಲ್ಲಿ ನಿಂತವರು ಯಾರೆಂದು ದನಿಯಿಂದ ಗುರುತು ಹಿಡಿಯುತ್ತಿದ್ದಳು. ನಾನು ಇನ್ನೊಮ್ಮೆ ಬರೆದೆ. ಅವಳು ಇನ್ನೊಮ್ಮೆ ಅಲ್ಲ ಅಂದಳು. ನನ್ನ ತಾಳ್ಮೆ ಹರಿಯಿತು.

“ಅಲ್ಲ ಅಲ್ಲ ಅಂದ್ರ ಹ್ಯಾಂಗ ಮಾಡ್ಲಿ ನಾ?” ಅಂದೆ. ದನಿ ಏರಿತ್ತು. “ಹ್ಯಾಂಗಿದ್ವು ಅಂತ ಬಾಯಿ ಬಿಟ್ಟು ಹೇಳು. ರೆಪ್ಪಿ ದಪ್ಪ ಇತ್ತೋ ತೆಳ್ಳಗಿತ್ತೋ? ಪಾಪಿ ಕರೀದೋ ಕಂದೋ? ಒಂದರ ಹೇಳು. ಇನ್ನ ಒಂದು ಸಲ ತಿಕ್ಕಿದ್ರ ಕಾಗದ ಹರೀತೈತಿ.”

ಅಕ್ಕ ಗೋಡೆ ಹಿಡಿದುಕೊಂಡು ನಿಧಾನ ನೆಲಕ್ಕೆ ಕೂತಳು. ಹೊರಗೆ ಹನಿ ಬೀಳುತ್ತಿತ್ತು, ಎದುರು ಮನೆಯವರು ಅಂಗಳದ ಕಟ್ಟಿಗೆ ಒಳಗೆ ಒಯ್ಯುತ್ತಿದ್ದರು.

“ನನಗೂ ನೆನಪಿಲ್ಲೋ ತಮ್ಮಾ” ಅಂದಳು.

ನಾನು ಕೇಳಿಸಿಕೊಂಡೆ. ಅರ್ಥ ಮಾಡಿಕೊಳ್ಳಲಿಲ್ಲ.

“ಕೈ ನೆನಪೈತಿ. ಬಳಿ ಸಪ್ಪಳ ನೆನಪೈತಿ. ಜಡಿ ಹಾಕುವಾಗ ಕೂದ್ಲ ಜಗ್ಗತಿದ್ಲು, ಅದು ಇನ್ನೂ ನೆತ್ತಿಮ್ಯಾಗ ಐತಿ. ಮಾರಿ ನೆನಸ್ಕೊಂಡ್ರ ಈ ಫೋಟೋನಽ ಬರ್ತೈತಿ. ಮದಲ ಹಂಗಿದ್ದಿಲ್ಲ. ಮದಲ ನೆನಪಿತ್ತು. ನೀ ಕೇಳಿದಾಗೊಮ್ಮಿ ಫೋಟೋ ತಗದು ನೋಡಿ ನೋಡಿ, ಒಳಗಿದ್ದಾಕಿ ಹೋಗಿಬಿಟ್ಲು. ಯಾವಾಗ ಹೋದ್ಲು ಅನ್ನೂದೂ ನನಗ ಗೊತ್ತಾಗ್ಲಿಲ್ಲ.”

“ಮತ್ತ ಕಣ್ಣಾಗ ನಗತಿದ್ಲು ಅಂತ ಹೇಳ್ತಿದ್ದಿ?”

“ನೀ ಅಳ್ತಿದ್ದಿ. ಏನರ ಹೇಳಬೇಕಿತ್ತು.”

ನಾನು ಕೇಳಿದೆ, ನೆನಪೇ ಇಲ್ಲದಿದ್ದರೆ ಯಾವುದೋ ಒಂದಕ್ಕೆ ಹೌದು ಅಂದುಬಿಡಬಹುದಿತ್ತಲ್ಲ, ನಾನೂ ನಂಬುತ್ತಿದ್ದೆ, ಇಬ್ಬರಿಗೂ ಸಮಾಧಾನವಾಗುತ್ತಿತ್ತು ಅಂತ.

“ಹೌದು ಅಂದಿದ್ರ ಅಕೀನಽ ಅವ್ವ ಆಗಿಬಿಡ್ತಿದ್ಲು” ಅಂದಳು ಅಕ್ಕ. “ನೋಡಿದಾಗೊಮ್ಮಿ ಆಸೆ ಇತ್ತು, ಈ ಸಲ ನೆನಪಾದೀತು, ಈ ಸಲ ನೆನಪಾದೀತು ಅಂತ. ಆಗ್ಲಿಲ್ಲ. ಸುಳ್ಳ ಹೌದು ಅನ್ನಾಕ ಬಾಯಿ ಬರ್ಲಿಲ್ಲ ನನಗ.”

ನಾನು ಹಲಗೆಯ ಮುಂದೆ ಕೂತೆ. ಎದುರಿಗೆ ಅವ್ವ ಇದ್ದಳು, ಎರಡು ಕಡೆ ಬೂದು ಬಣ್ಣಕ್ಕೆ ತಿರುಗಿದ ನುಣುಪು ಕಲೆ ಹೊತ್ತುಕೊಂಡು. ನನ್ನ ಕೆಲಸದ ಬಗ್ಗೆ ನನಗಿದ್ದ ಹೆಮ್ಮೆ ಆ ಗಳಿಗೆ ನೆಲ ಕಚ್ಚಿತು. ರೋಣ, ನರಗುಂದ, ಗಜೇಂದ್ರಗಡದ ಗೋಡೆಗಳ ಮೇಲೆ ನಾನು ತೂಗುಹಾಕಿದವರೆಲ್ಲ ಯಾರು? ಆ ಮನೆಗಳಲ್ಲಿ ಅಪ್ಪನನ್ನು ನೆನೆಸಿಕೊಂಡವರಿಗೆ ಈಗ ನಾನು ಬರೆದ ಕಣ್ಣೇ ಬರುತ್ತದೆ. ಉಳಿದಿದ್ದ ಚೂರುಪಾರು ನೆನಪನ್ನೂ ನಾನೇ ಹೋಗಿ ಒರೆಸಿ ಬಂದಿದ್ದೇನೆ, ಅವರು ಹೂಮಾಲೆ ಹಾಕಿ ಕೈ ಮುಗಿದು ಕಳಿಸಿದ್ದಾರೆ. ಅದಕ್ಕಿಂತ ದೊಡ್ಡ ದುಃಖ ಬೇರೆಯೇ ಇತ್ತು. ನನ್ನನ್ನು ನೋಡಿ ನಕ್ಕ ಕಣ್ಣು ಇರಲೇ ಇಲ್ಲ. ಇದ್ದಿದ್ದರೂ ಅದನ್ನು ಕಂಡವರು ಯಾರೂ ಉಳಿದಿಲ್ಲ. ತಾಯಿ ಸತ್ತವನು ಎಂದು ಇಷ್ಟು ವರ್ಷ ಹೇಳಿಕೊಂಡಿದ್ದೆ, ಆದರೆ ತಬ್ಬಲಿತನ ಅಂದರೇನು ಎಂದು ತಿಳಿದದ್ದು ಅಕ್ಕನ ಪಡಸಾಲೆಯಲ್ಲಿ, ತಲೆಗೂದಲು ಬೆಳ್ಳಗಾದ ಮೇಲೆ.

ಹಾಳೆ ಕಿತ್ತು ಒಲೆಗೆ ಹಾಕಿಬಿಡಲೇ ಎಂದು ಅಕ್ಕನನ್ನು ಕೇಳಿದೆ.

“ಬ್ಯಾಡ” ಅಂದಳು. “ಮುಚ್ಚಿಬಿಡು.”

“ಏನ್ ಮುಚ್ಚಲಿ?”

“ಕಣ್ಣ ಮುಚ್ಚಿಬಿಡೋ. ಅಕಿ ಹ್ಯಾಂಗ ಕುಂತಾಳ, ಹಂಗ ಬಿಡು. ಎಷ್ಟಂತ ತಗಸ್ತಿ.”

ಮರುದಿನ ಬಂದು ಕೂತೆ. ಭೂತಗನ್ನಡಿ ಹಿಡಿದು ಫೋಟೋದಲ್ಲಿ ಅವ್ವನ ಕಣ್ಣನ್ನು ಮೊದಲ ಸಲ, ಇದ್ದದ್ದು ಇದ್ದ ಹಾಗೆ, ನೋಡಿದೆ. ಅಲ್ಲಿಯವರೆಗೆ ಆ ಎರಡು ಚೌಕಗಳನ್ನು ನಾನು ಬಿಟ್ಟೇ ಬಂದಿದ್ದೆ. ರೆಪ್ಪೆಯ ಕೆಳಗೆ ಪಾಪೆಯ ಉಬ್ಬು ತಿಳಿಯುತ್ತಿತ್ತು. ಎಡಗಣ್ಣು ಪೂರ್ತಿ ಮುಚ್ಚಿರಲಿಲ್ಲ, ಕೂದಲೆಳೆಯಷ್ಟು ಬಿರುಕು. ಮುಚ್ಚಿದವರು ಯಾರೋ ಅವಸರ ಮಾಡಿದ್ದರು. ಕಾಗದಕ್ಕೆ ಕಣ್ಣಿನ ಕಪ್ಪು ಹತ್ತುತ್ತಿರಲಿಲ್ಲ, ರೆಪ್ಪೆಯ ಮಬ್ಬು ಹತ್ತಿತು. ತೀರ ಮೆತ್ತನೆಯ ಪೆನ್ಸಿಲ್ಲು ತೆಗೆದುಕೊಂಡು, ಬೆರಳತುದಿಯಲ್ಲಿ ಪುಡಿ ಸವರುತ್ತ, ಮೇಲಿನಿಂದ ಕೆಳಗೆ ಮೇಲಿನಿಂದ ಕೆಳಗೆ ತಂದೆ. ಎಡಗಣ್ಣಿನ ಆ ಬಿರುಕನ್ನು ಮಾತ್ರ ಫೋಟೋದಲ್ಲಿದ್ದಂತೆ ಬಿಡಲಿಲ್ಲ. ಹೆತ್ತವಳ ಕಣ್ಣು ಮುಚ್ಚುವುದು ಮಗನ ಕೆಲಸ. ಕೂಸಾಗಿದ್ದ ನನಗೆ ಆಗ ಅಷ್ಟು ಕೈ ಬಂದಿರಲಿಲ್ಲ. ಅದನ್ನು ಬೆರಳಿನಿಂದಲೇ ಒತ್ತಿ ಮುಚ್ಚಿದೆ.

ಹೊತ್ತು ಮಧ್ಯಾಹ್ನವಾಗಿತ್ತು. ಅಕ್ಕನನ್ನು ಕೈ ಹಿಡಿದು ಕರೆತಂದು ಮುಂದೆ ನಿಲ್ಲಿಸಿದೆ. ಅವಳು ಎಂದಿನ ಹಾಗೆ ಮುಖವನ್ನು ಕಾಗದಕ್ಕೆ ತಾಗುವಷ್ಟು ತಂದಳು. ಹಣೆಯಿಂದ ನೋಡುತ್ತ ಇಳಿದಳು. ಕಣ್ಣಿನ ಹತ್ತಿರ ಬಂದು ನಿಂತಳು.

“ಫೋಟೋ ತಗಿಯೂವಾಗ ನಾ ಅವ್ವನ್ನ ನೋಡ್ಲಿಲ್ಲೋ” ಅಂದಳು. “ನೆಟ್ಟಗ ನಿಲ್ಲು, ಅಳಬ್ಯಾಡ, ಡಬ್ಬಿ ನೋಡು ಅಂದ್ರು. ಡಬ್ಬೀನಽ ನೋಡಿದೆ. ಆಮ್ಯಾಲ ನಿನ್ನ ನನ್ನ ಬಗಲಾಗ ಕೊಟ್ರು. ನೀ ಒಂದಸಮ ಚೀರತಿದ್ದಿ. ನಿನ್ನ ಸಂಬಾಳ್ಸೂದ್ರಾಗ ಅಕೀನ ಎತ್ತಿಕೊಂಡು ಹೋಗಿದ್ರು.”

ಅಷ್ಟು ಹೇಳಿ ಅವಳು ಚಿತ್ರದ ಮುಂದೆ ಕಾಲು ಮಡಚಿ ಕೂತಳು. ಸೆರಗನ್ನು ಬಾಯಿಗೆ ಹಿಡಿದುಕೊಂಡಳು, ಆಮೇಲೆ ಬಿಟ್ಟಳು. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಕೂತು ಮಾತು ಕಟ್ಟಿ, ರಾಗ ಎಳೆದು ಅಳುತ್ತಾರೆ. ಆ ರಾಗವನ್ನು ಬೇರೆ ಯಾವುದಕ್ಕೂ ತೆಗೆಯುವುದಿಲ್ಲ. ಅಕ್ಕ ಅದನ್ನು ತೆಗೆದಳು. ಸಣ್ಣ ಮಕ್ಕಳನ್ನು ಬಿಟ್ಟು ಎಲ್ಲಿಗೆ ಹೊಂಟೆವ್ವಾ ಅಂದಳು, ಕೂಸಿಗೆ ಯಾರು ಹಾಲು ಕೊಡಬೇಕವ್ವಾ ಅಂದಳು, ನನ್ನ ಜಡೆ ಯಾರು ಹೆಣೆಯಬೇಕವ್ವಾ ಅಂದಳು. ಅರವತ್ತು ದಾಟಿದ ಹೆಂಗಸು ಎದೆ ಬಡಿದುಕೊಂಡು ಎಂಟು ವರ್ಷದವಳ ಅಳು ಅಳುತ್ತಿದ್ದಳು. ನಾನು ತಡೆಯಲಿಲ್ಲ. ನನಗೆ ಅಳುವುದಕ್ಕೂ ಯಾವ ನೆನಪೂ ಇರಲಿಲ್ಲ, ಅವಳ ಅಳುವನ್ನು ನೋಡುತ್ತ ನಿಂತೆ.

ಆ ರಾಗ ಕೇಳಿದರೆ ಓಣಿಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಬಾಗಿಲಲ್ಲಿ ಕಾಲಿನ ಸಪ್ಪಳವಾಯಿತು. ಮೊದಲು ಬಂದದ್ದು ಎದುರು ಮನೆಯ ಸೊಸೆ, ಮದುವೆಯಾಗಿ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕೈಗೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ಒಳಗೆ ಇಣುಕಿ ಅಕ್ಕನನ್ನು ನೋಡಿದಳು, ನನ್ನನ್ನು ನೋಡಿದಳು.

“ಯಾರು ಹೋದ್ರಣ್ಣಾ?”

“ನಮ್ಮವ್ವ” ಅಂದೆ.

“ಅಯ್ಯ ಶಿವನ. ಯಾವಾಗ?”

“ಈಗ.”